ಮುಖ ನೋಡುವ ಮರಿ

ಆ ದಿನ ಬೆಳಿಗ್ಗೆ ಬೆಳವಣಕಿಯ ಗೌಡರ ಹೊಲದಲ್ಲಿ ನಮ್ಮ ಕುರಿದಡ್ಡಿಯನ್ನು ಒಂದು ತುಂಡಿನಿಂದ ಪಕ್ಕದ ತುಂಡಿಗೆ ಬದಲಿಸಿದೆವು. ಗೌಡರು ಆ ಎರೆಹೊಲವನ್ನು ಆ ವರ್ಷ ಬಿತ್ತದೆ ಬಿಟ್ಟಿದ್ದರು. ರಾತ್ರಿ ನಮ್ಮ ಕುರಿ ಅಲ್ಲಿ ನಿಂತು ನೆಲಕ್ಕೆ ಗೊಬ್ಬರವಾಗಬೇಕು, ಅದಕ್ಕೆ ಅವರು ನಮಗೆ ಜೋಳ ಕೊಡಬೇಕು. ದೀಪಾವಳಿ ಮುಗಿದ ಮೇಲೆ ಗಜೇಂದ್ರಗಡದ ಗುಡ್ಡದಿಂದ ಇಳಿದು ರೋಣದ ಕಡೆಯ ಎರೆಸೀಮೆಗೆ ಬರುವುದು ನಮ್ಮ ಹಿರಿಯರಿಂದ ಬಂದ ಪದ್ಧತಿ. ಗೂಟ ಕಿತ್ತು, ಬಲೆ ಸುತ್ತಿ, ಹೊಸ ಜಾಗದಲ್ಲಿ ಮತ್ತೆ ಗೂಟ ಹೊಡೆಯುವಷ್ಟರಲ್ಲಿ ಬಿಸಿಲು ಏರಿತ್ತು.

ಅಣ್ಣ ಕೆಲಸದ ನಡುವೆ ಎದ್ದು ಹೋಗಿ ಕೆಂಚಿಯ ಹೊಟ್ಟೆ ಮುಟ್ಟಿ ನೋಡುತ್ತಿದ್ದ. ಕೆಂಚಿ ನಮ್ಮ ಹೆಣ್ಣು ನಾಯಿ. ಅದರ ತಾಯಿಯ ತಾಯಿಯನ್ನು ನಮ್ಮ ಅಜ್ಜ ಸಾಕಿದ್ದ. ದಿನ ತುಂಬುತ್ತ ಬಂದು ಅದು ಅಡ್ಡಡ್ಡ ನಡೆಯುತ್ತಿತ್ತು.

ಸೋದರಮಾವ ಗೂಟ ಹೊಡೆಯುವ ಕೊಡತಿ ಕೆಳಗಿಟ್ಟು ನಕ್ಕ. "ಕೆಂಚೀದು ಇಳೀತಂದ್ರ ಇವನ ಹೊಟ್ಟಿ ಮುಂದ ಬರ್ತೈತಿ."

ಅಣ್ಣನ ಹೆಂಡತಿ, ನಮ್ಮ ವೈನಿ, ರೊಟ್ಟಿ ತಟ್ಟುತ್ತಿದ್ದಲ್ಲಿಂದಲೇ ಹೇಳಿದಳು: "ಹೋದ ಸಲ ರೋಣದ ಸಂತ್ಯಾಗ ಒಬ್ಬಾಕಿ ನನಗ ಕೇಳಿದ್ಳು, ನಿನ್ನ ಗಂಡಗ ಎಷ್ಟ್ರಾಗ ಐತೆವ್ವಾ ಅಂತ."

ಕೆಂಚಿ ಮರಿ ಹಾಕಿದ ಪ್ರತಿ ಸಲವೂ, ಮರಿಗಳು ಕಣ್ಣು ತೆರೆದ ದಿನದಿಂದ ಅಣ್ಣ ಅವನ್ನು ಹಗಲೆಲ್ಲ ತನ್ನ ಕಂಬಳಿಯ ಮಡಿಕೆಯಲ್ಲಿ ಹೊಟ್ಟೆಗೆ ಕಟ್ಟಿಕೊಂಡು ಕುರಿ ಕಾಯುತ್ತಿದ್ದ. ಕೆಂಚಿ ಅವನ ಹಿಂದೆಯೇ ಬರುತ್ತಿತ್ತು. ಹಸಿದಾಗ ಇಳಿಸುತ್ತಿದ್ದ, ಕುಡಿದ ಮೇಲೆ ಮತ್ತೆ ಏರಿಸುತ್ತಿದ್ದ. ಮರಿಗಳು ಮಡಿಕೆಯಿಂದ ತಲೆ ಹೊರಗೆ ಹಾಕಿ ಅವನ ಗಡ್ಡ ಜಗ್ಗುತ್ತಿದ್ದವು. ನಾವು ಅದನ್ನು ಮಕ್ಕಳಿಲ್ಲದವನ ಮೋಹ ಎಂದುಕೊಂಡಿದ್ದೆವು. ಅವನೂ ಬೇರೆ ಏನೂ ಹೇಳಿರಲಿಲ್ಲ.

ಆ ಮಧ್ಯಾಹ್ನ ಊಟಕ್ಕೆ ಕುಳಿತಾಗ ಮಾತು ನಾಯಿಯ ಮೇಲೆಯೇ ಬಂತು. ಮಳೆಗಾಲದ ಕೊನೆಗೆ ಸರಕಾರದ ಡಂಗುರ ಆಗಿತ್ತು. ಕತ್ತಿ, ಬರ್ಚಿ, ಬಂದೂಕು ಯಾರ ಮನೆಯಲ್ಲಿದ್ದರೂ ಒಪ್ಪಿಸಬೇಕು. ನಮ್ಮ ಅಜ್ಜನ ಬರ್ಚಿಯನ್ನು ಮಾವನೇ ಹೊತ್ತುಕೊಂಡು ಹೋಗಿ ರೋಣದ ಕಚೇರಿಯಲ್ಲಿ ಕೊಟ್ಟು ಬಂದಿದ್ದ. ಈಗ ತೋಳ ಬಂದರೆ ನಾಯಿ ಬಿಟ್ಟರೆ ನಮಗೆ ಬೇರೆ ಆಸರೆ ಇರಲಿಲ್ಲ. ಹಾಗಾಗಿ ಆ ಸಲದ ಮರಿಗಳಲ್ಲಿ ಎಷ್ಟನ್ನು ಇಟ್ಟುಕೊಳ್ಳಬೇಕು ಎಂಬ ಚರ್ಚೆ ನಡೆದಿತ್ತು.

"ಎಷ್ಟಲ್ಲ, ಯಾವುದು ಅನ್ನೂದು ಮುಖ್ಯ," ಎಂದ ಅಣ್ಣ. "ಎಲ್ಲಾ ಇಟಗೊಂಡ್ರ ನಾಲ್ಕು ತಲಿಮಾರಿಗೆ ಮತ್ತ ತೋಳನ ಆಕ್ಕಾವ."

"ತೋಳದ ಜಾತಿ ಬ್ಯಾರೆ, ನಾಯಿ ಜಾತಿ ಬ್ಯಾರೆ," ಎಂದ ಮಾವ. "ನಾಯಿ ಮೈಲಾರಲಿಂಗನ ಬೆನ್ನ ಹಿಂದ ಬಂದದ್ದು."

"ಮೈಲಾರಲಿಂಗಗ ಎಲ್ಲಿ ಸಿಕ್ತು? ಸಂತ್ಯಾಗ ತಂದಿದ್ನೇನು?"

"ನಿನ್ನ ಬಾಯಿಗೆ ಹುಳ ಬೀಳ್ತೈತಿ ನೋಡು."

"ಬೀಳ್ಲಿ ಬಿಡು ಮಾವ. ಸತ್ತ ತೋಳದ ಬಾಯಿ ತಗದು ಹಲ್ಲ ನೋಡು, ನಾಯೀದೂ ನೋಡು. ಒಂದ ನಮೂನಿ ಅದಾವ. ಬಸರು ತುಂಬೂದೂ ಅಷ್ಟ, ಕಣ್ಣ ತೆರಿಯೂದೂ ಹಂಗ. ಬ್ಯಾರೆ ಇರೂದು ಒಂದ. ತೋಳಕ್ಕ ಬಲ್ಯಾಗ ಮಾಂಸ ಕಟ್ಟಿ ಇಡು. ಹಲ್ಲ ಮುರಿಯೂತನಾ ಜಗ್ಗತೈತಿ, ಆಗಲಿಲ್ಲಂದ್ರ ತನ್ನ ಹಾದಿ ಹಿಡೀತೈತಿ. ನಾಯಿ ಎರಡ ಸಲ ಜಗ್ಗಿ ತಿರುಗಿ ನಿನ್ನ ಮಾರಿ ನೋಡ್ತೈತಿ. ಹಿರೇರು ತೋಳದ ಮರಿ ತಂದಾರ, ಮಾರಿ ನೋಡಿದ್ದನ್ನ ಇಟಗೊಂಡಾರ, ನೋಡಲಾರದ್ದನ್ನ ಅಡವಿಗೆ ಬಿಟ್ಟಾರ. ಅದರ ಮರಿಯೊಳಗ ಮತ್ತ ಹಂಗ. ಹಿಂಗ ಆರಿಸ್ಕೋತ ಆರಿಸ್ಕೋತ ಬಂದು ನಾಯಿ ಆಗೈತಿ."

"ನೋಡಿ ಬಂದಾಂವ್ರಂಗ ಹೇಳ್ತಾನ," ಎಂದು ಮಾವ ನನ್ನ ಕಡೆ ತಿರುಗಿದ. "ನೀ ಐಗಳ ಸಾಲ್ಯಾಗ ಕಲ್ತಾಂವ. ನಿನ್ನ ಪುಸ್ತಕದಾಗ ಐತೇನು ಇದು?"

ಎರಡು ಮಳೆಗಾಲ ಮಠದ ಕಟ್ಟೆಯ ಮೇಲೆ ಕುಳಿತು ಓದಲು ಬರೆಯಲು ಕಲಿತವನು ನಾನು. ಇಂಥದ್ದು ಅಲ್ಲಿ ಯಾರೂ ಹೇಳಿರಲಿಲ್ಲ. ಇಲ್ಲ ಎಂದೆ. ಅಣ್ಣ ನಕ್ಕು ರೊಟ್ಟಿ ಮುರಿದು ಕೆಂಚಿಗೆ ಹಾಕಿದ. ಅದು ಮೊದಲು ಅವನ ಮುಖ ನೋಡಿತು, ಆಮೇಲೆ ತಿಂದಿತು.

ಸಂಜೆ ಕುರಿಗಳನ್ನು ದಡ್ಡಿಗೆ ತುಂಬುವ ಹೊತ್ತಿಗೆ ತೋಳ ಬಂತು.

ನಮ್ಮಲ್ಲಿ ಒಂದು ರೂಢಿ ಇದೆ. ಹಿಂಡಿನ ಹಿಂದೆ ಉಳಿದ ಮರಿಯನ್ನು ತೋಳ ಒಯ್ದರೆ ನಾವು ಬೆನ್ನಟ್ಟುವುದಿಲ್ಲ. ಅದು ಅದರ ಪಾಲು. ಗುಂಪಾಗಿ ಬಂದರೆ ನಾಯಿ ಬಿಡುತ್ತೇವೆ, ಕೂಗುತ್ತೇವೆ. ಒಂಟಿ ತೋಳ ಬಂದು ನಿಂತರೆ ಯಾರಾದರೂ ಒಬ್ಬರು ಎದ್ದು ಹೋಗಿ, ನೆಂಟರಿಗೆ ಹೇಳಿದಂತೆ ಹೇಳಿ ಕಳಿಸುತ್ತಾರೆ. ಅದಕ್ಕೇ ಆ ಸಂಜೆ ಯಾರೂ ಗಾಬರಿಯಾಗಲಿಲ್ಲ. ಅಣ್ಣ ಬರಿಗೈಯಲ್ಲಿ ಎದ್ದು ಹೋದ.

"ಹೋಗಪಾ, ಇವತ್ತ ಇಲ್ಲ," ಎಂದ.

ತೋಳ ನಿಲ್ಲಲಿಲ್ಲ. ತಲೆ ತಗ್ಗಿಸಲಿಲ್ಲ, ಪಕ್ಕಕ್ಕೂ ಸರಿಯಲಿಲ್ಲ. ಬಾಯಿಂದ ಜೊಲ್ಲು ಇಳಿಯುತ್ತಿದ್ದುದು ಅದು ಹತ್ತಿರ ಬಂದ ಮೇಲೆ ಕಂಡಿತು. ಎದುರಿಗೆ ಬಂದ ನಮ್ಮ ಎರಡು ಗಂಡು ನಾಯಿಗಳನ್ನು ಕಚ್ಚಿತು, ಬಲೆಯ ಆಚೆಯಿದ್ದ ಕುರಿಗಳನ್ನು ಕಚ್ಚಿತು, ಯಾವುದನ್ನೂ ಹಿಡಿದು ಎಳೆಯಲಿಲ್ಲ. ಅಣ್ಣನ ಬಲಗೈ ಮಣಿಕಟ್ಟಿಗೆ ಬಾಯಿ ಹಾಕಿತು. ಹೊಟ್ಟೆ ಹೊತ್ತುಕೊಂಡೇ ಕೆಂಚಿ ಅದರ ಮೇಲೆ ಬಿದ್ದಿತು. ಮಾವ ಕೊಡತಿಯಿಂದ ತಲೆಗೆ ಹೊಡೆದ. ಇನ್ನೆರಡು ಏಟಿಗೆ ತೋಳ ಸತ್ತಿತು.

ಯಾರೂ ಆ ರೋಗದ ಹೆಸರು ಹೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ವೈನಿ ಕುಡುಗೋಲಿನ ತುದಿಯನ್ನು ಒಲೆಯಲ್ಲಿ ಕೆಂಪಗೆ ಕಾಸಿದಳು. ಅಣ್ಣ ಕೈಯನ್ನು ಕಲ್ಲಿನ ಮೇಲಿಟ್ಟ. ಬರೆ ಹಾಕಿದ್ದು ಅವಳೇ, ಹಿಡಿದುಕೊಂಡಿದ್ದು ನಾನು. ಕಚ್ಚಿಸಿಕೊಂಡ ಕುರಿಗಳನ್ನು ಬೇರೆ ಕಟ್ಟಿ ಮರುದಿನ ಕೊಂದು ಹೂಳಿದೆವು. ಗಂಡು ನಾಯಿಗಳೆರಡನ್ನೂ ಅಣ್ಣ ತಾನೇ ಕೊಲ್ಲುತ್ತೇನೆ ಎಂದ. ಹೊಲದ ಅಂಚಿಗೆ ಹೋಗಿ ಎಡಗೈಯಲ್ಲಿ ಕೊಡಲಿ ಹಿಡಿದು ಕರೆದ. ಎರಡೂ ಬಾಲ ಆಡಿಸುತ್ತ ಬಂದವು.

ಉಳಿದದ್ದು ಕೆಂಚಿ. ಅದರ ಕೂದಲನ್ನೆಲ್ಲ ಬಿಡಿಸಿ ಬಿಡಿಸಿ ನೋಡಿದೆವು. ಎಲ್ಲಿಯೂ ಹಲ್ಲಿನ ಗುರುತಿಲ್ಲ. ಕಿವಿಯ ಮೇಲೆ ಮಾತ್ರ ಒಂದು ಕೆಂಪು ಗೆರೆ ಇತ್ತು. ಜಾಲಿಯ ಮುಳ್ಳು ಗೀರಿದರೂ ಅಂಥದ್ದೇ ಗೆರೆ ಬರುತ್ತದೆ.

"ಇದನ್ನೂ ಮುಗಸು," ಎಂದ ಮಾವ.

"ಕಚ್ಚಿಸ್ಕೊಂಡದ್ದನ್ನೆಲ್ಲಾ ಮುಗಸೂದಾದ್ರ ಮೊದಲ ನನ್ನ ಮುಗಸು," ಎಂದ ಅಣ್ಣ. "ಇದಕ್ಕ ಕಚ್ಚೈತೋ ಇಲ್ಲೋ ಗೊತ್ತಿಲ್ಲ. ನನಗ ಕಚ್ಚಿದ್ದು ಗೊತ್ತೈತಿ."

ಮಾವ ಹಗ್ಗ ತಂದ. ಹಿಂಡಿನಿಂದ ದೂರ ಒಂದು ಬನ್ನಿ ಗಿಡಕ್ಕೆ ಕೆಂಚಿಯನ್ನು ಕಟ್ಟಿದೆವು. ನಾಯಿಗೆ ಬರೀ ಹಗ್ಗ ಕಟ್ಟಿದರೆ ಕಡಿದುಕೊಳ್ಳುತ್ತದೆ. ಅದಕ್ಕೆ ಹಗ್ಗವನ್ನು ಉದ್ದನೆಯ ಬಿದಿರಿನ ಕೊಳವಿಯೊಳಗೆ ತೂರಿಸಿ, ಒಂದು ತುದಿಯನ್ನು ಕೊರಳಿಗೆ, ಇನ್ನೊಂದನ್ನು ಗಿಡಕ್ಕೆ ಬಿಗಿಯಬೇಕು. ಬಾಯಿ ಹಗ್ಗಕ್ಕೆ ಮುಟ್ಟುವುದಿಲ್ಲ, ನಾಯಿ ನಮ್ಮ ಮೈಮೇಲೂ ಬರಲಾರದು. ಅಂಬಲಿಯ ಗಡಿಗೆಯನ್ನು ಕೋಲಿನಿಂದ ಮುಂದಕ್ಕೆ ನೂಕುತ್ತಿದ್ದೆವು. ಅಣ್ಣ ಹೊತ್ತು ಮುಳುಗುವ ಮುಂಚೆ ಹೋಗಿ ಸ್ವಲ್ಪ ದೂರದಲ್ಲಿ ಕುಳಿತು ಬರುತ್ತಿದ್ದ. ಬಂದವನು ಹೇಳುತ್ತಿದ್ದುದು ಒಂದೇ ಮಾತು. "ನೋಡ್ತೈತಿ."

ಅದರರ್ಥ ಅದಕ್ಕಿನ್ನೂ ಹುಚ್ಚು ಹಿಡಿದಿಲ್ಲ ಎಂದು. ಹುಚ್ಚು ಹಿಡಿದ ನಾಯಿ ಯಾರ ಮುಖವನ್ನೂ ನೋಡುವುದಿಲ್ಲ.

ಗಜೇಂದ್ರಗಡದಲ್ಲಿ ಇಂಥದ್ದಕ್ಕೆ ಮದ್ದು ಕೊಡುವ ಹಕೀಮರೊಬ್ಬರಿದ್ದರು. ಅಣ್ಣನನ್ನು ಗೌಡರ ಗಾಡಿಯಲ್ಲಿ ಕರೆದುಕೊಂಡು ಹೋದೆ. ನೇಕಾರರ ಓಣಿಯ ತುದಿಗೆ ಅವರ ಮನೆ. ಒಳಗೆ ಮಗ್ಗದ ಸದ್ದು ಕೇಳುತ್ತಿತ್ತು. ಅವರು ಬರೆಯ ಗಾಯವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಬರೆ ಯಾರು ಹಾಕಿದ್ದು?"

"ನನ್ನ ಹೇಣ್ತೀರಿ."

"ಚಲೋ ಹಾಕ್ಯಾಳ. ಇದಕ್ಕಿಂತ ಹೆಚ್ಚು ನಾನೂ ಮಾಡಾಕಿದ್ದಿಲ್ಲ." ಬೇರು ತೇಯ್ದು ಕುಡಿಸಿದರು. ನಾವು ಹೊರಡುವಾಗ ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿದರು. "ನೋಡಪಾ, ನಿನಗ ಸುಳ್ಳ ಹೇಳಂಗಿಲ್ಲ. ಈ ಮದ್ದು ಕುಡದು ಬದಕಿದವರು ಅದಾರ, ಸತ್ತವರೂ ಅದಾರ. ಬದಕಿದವರಿಗೆ ವಿಷ ಏರಿತ್ತೋ ಇಲ್ಲೋ ನನಗ ಖರೇ ಗೊತ್ತಿಲ್ಲ."

ದಾರಿಯಲ್ಲಿ ಅಣ್ಣ ಕೇಳಿದ: "ಏನಂದ್ರು?"

"ಪಥ್ಯಾ ಮಾಡು ಅಂದ್ರು."

"ಪಥ್ಯದ ಮಾತಿಗೆ ನಿನ್ನ ಮಾರಿ ಹಿಂಗ್ಯಾಕಾತು?" ಎಂದು ಆ ಕಡೆ ತಿರುಗಿ ಕುಳಿತ.

ಕೆಂಚಿ ಗಿಡದ ಬುಡದಲ್ಲಿ ಮಣ್ಣು ಕೆದರಿ ಗುಂಡಿ ಮಾಡಿಕೊಂಡು ಐದು ಮರಿ ಹಾಕಿತು. ಎರಡು ಸತ್ತವು. ಮೂರು ಉಳಿದವು. ಅಣ್ಣ ಅವನ್ನು ಮುಟ್ಟಲಿಲ್ಲ, ಕಣ್ಣು ತೆರೆಯುವುದನ್ನು ಕಾದ. ಕಣ್ಣು ತೆರೆದಿವೆ ಎಂದು ಒಂದು ಬೆಳಿಗ್ಗೆ ಹೇಳಿ, ಕಂಬಳಿ ಕೊಡವಿ ಮಡಿಚುತ್ತಿದ್ದ. ಮಡಿಚುತ್ತಿದ್ದವನು ನಿಂತ. ಬಲಗೈ ಮಣಿಕಟ್ಟನ್ನು ಎಡಗೈಯಿಂದ ತಿಕ್ಕಿಕೊಂಡ.

"ಇರುವಿ ಹರದಂಗ ಆಗ್ತೈತಿ," ಎಂದ.

ಗಾಯ ಮಾಯ್ದು ಬಹಳ ದಿನವಾಗಿತ್ತು.

ಆಮೇಲಿನದನ್ನು ಬಿಡಿಸಿ ಬರೆಯುವ ಶಕ್ತಿ ನನಗಿಲ್ಲ. ಗೌಡರು ಅರಳೆ ತುಂಬುವ ಕೋಣೆಯನ್ನು ಖಾಲಿ ಮಾಡಿಸಿ ಕೊಟ್ಟರು. ಅಂಬಲಿಯ ಬಟ್ಟಲು ಬಾಯಿಯ ಹತ್ತಿರ ಬಂದರೆ ಅವನ ಗಂಟಲು ಹಿಡಿದುಕೊಳ್ಳುತ್ತಿತ್ತು. ಬಾಗಿಲು ತೆರೆದು ಗಾಳಿ ಬಂದರೂ ಹಾಗೆಯೇ. ತನ್ನನ್ನು ಕಟ್ಟಿಹಾಕಲು ಅವನೇ ಹೇಳಿದ.

"ಕೊಳವಿ ಹಾಕಿ ಕಟ್ರಿ. ಹಗ್ಗ ಕಡಕೊಂಡೇನು," ಎಂದು ನಕ್ಕ. ನಾವು ಯಾರೂ ನಗಲಿಲ್ಲ. ಆ ನಗೆಯೇ ಅವನ ಗಂಟಲಿಗೆ ಸಿಕ್ಕಿಕೊಂಡಿತು.

ನೋವು ಬಿಟ್ಟು ಬಿಟ್ಟು ಬರುತ್ತಿತ್ತು. ಬಿಟ್ಟಾಗ ಅವನಿಗೆ ಪೂರ್ತಿ ಎಚ್ಚರವಿರುತ್ತಿತ್ತು. ವೈನಿಯ ಮುಖ ನೋಡುತ್ತಿದ್ದ, ಮಾವನ ಮುಖ, ನನ್ನ ಮುಖ. ಅಂಥ ಒಂದು ಹೊತ್ತಿನಲ್ಲಿ ನನಗೆ ಹೇಳಿದ: "ಮರಿ ಉಳಸ್ಕೋ ತಮ್ಮಾ. ಕೈಯಾಗ ಬರ್ಚಿ ಇಲ್ಲ. ನಾಯೀನೂ ಇಲ್ಲಂದ್ರ ಈ ಹಿಂಡು ನಿಲ್ಲಂಗಿಲ್ಲ. ಅಜ್ಜನ ಕಾಲದಿಂದ ಆರಿಸಿದ್ದು ನಮ್ಮ ಕೈಯಾಗ ಹೋಗಬಾರದು."

ಆಯಿತು ಎಂದೆ. ಸಂಕ್ರಾಂತಿ ಇನ್ನೂ ಬಂದಿರಲಿಲ್ಲ. ಗೌಡರ ಹೊಲದ ಬದುವಿನಲ್ಲಿ ಅವನನ್ನು ಮಣ್ಣು ಮಾಡಿದೆವು.

ಮಣ್ಣು ಮಾಡಿ ಬಂದ ಮೇಲೆ ಮಾವ ಮೊದಲು ಆಡಿದ ಮಾತು ಕೆಂಚಿಯದು. "ಅದನ್ನೂ ಮರೀನೂ ಇವತ್ತ ಮುಗಸೂದು. ವಿಷ ಹಾಲಿನಾಗ ಇಳಿತೈತಿ."

"ಅದು ಚಲೋ ಐತಿ ಮಾವ. ಇವತ್ತೂ ನೋಡ್ತು."

"ನಿಮ್ಮಣ್ಣನೂ ಚಲೋ ಇದ್ದ."

ವೈನಿಯ ಕಡೆ ನೋಡಿದೆ. ಅವಳು ತಲೆ ಎತ್ತದೆ ಹೇಳಿದಳು: "ನನ್ನ ಕಣ್ಣ ಮುಂದ ಆ ನಾಯಿ ಬ್ಯಾಡ. ಅದರ ಮರೀನೂ ಬ್ಯಾಡ. ನಾ ಸಾಯೂತನಾ ನಾಯಿ ಅನ್ನೂದನ್ನ ನೋಡಾಕ ಒಲ್ಲೆ."

ಮಾವ ಹಿರಿಯ. ನಮ್ಮ ಮೂರು ಮನೆಗಳ ಕುರಿ ಒಂದೇ ದಡ್ಡಿಯಲ್ಲಿದ್ದವು, ಅವನ ಮಾತು ಮೀರಿ ಅಲ್ಲಿ ಇರುವಂತಿರಲಿಲ್ಲ. ಆದರೂ ಮರಿ ಕೊಡುವುದಿಲ್ಲ ಎಂದೆ. ಬೇಕಾದರೆ ನನ್ನ ಪಾಲಿನ ಕುರಿ ಬೇರೆ ಮಾಡಿಕೊಂಡು ಹೋಗುತ್ತೇನೆ ಎಂದೆ. ಜೀವಮಾನದಲ್ಲಿ ಅವನಿಗೆ ಎದುರು ಆಡಿದ್ದು ಅದೊಂದೇ ಸಲ. ಬಹಳ ಹೊತ್ತಿನ ಮೇಲೆ ಒಂದು ಒಪ್ಪಂದ ಆಯಿತು. ಕೆಂಚಿ ಹೋಗಬೇಕು. ಮರಿಗಳು ಇರಲಿ, ಆದರೆ ಯುಗಾದಿ ದಾಟಿ ಒಂದು ಅಮಾವಾಸ್ಯೆ ಆಗುವವರೆಗೆ ಅವನ್ನು ಮನುಷ್ಯರು ಯಾರೂ ಮುಟ್ಟಬಾರದು, ಅವು ಯಾರ ಹತ್ತಿರವೂ ಸುಳಿಯಬಾರದು. ಅಷ್ಟರಲ್ಲಿ ಹುಚ್ಚು ಕಾಣದಿದ್ದರೆ ಹಿಂಡಿಗೆ ಬಿಡುವುದು.

ಕೆಂಚಿಯನ್ನು ಹೊಡೆದವನು ಮಾವ. ಕೊಳವಿಯ ಹಗ್ಗ ಹಿಡಿದವನು ನಾನು. ಅದು ಕೊನೆಯವರೆಗೆ ನನ್ನ ಮುಖವನ್ನೇ ನೋಡುತ್ತಿತ್ತು. ಅದಕ್ಕೆ ವಿಷ ಏರಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ.

ಊರ ಹೊರಗೆ ಒಂದು ಹಾಳು ಹುಡೇವು ಇತ್ತು. ಹಿಂದಿನ ಕಾಲದಲ್ಲಿ ದಂಡು ಬಂದರೆ ನೋಡಲೆಂದು ಕಟ್ಟಿದ ಕಲ್ಲಿನ ದುಂಡು ಬುರುಜು. ಮೇಲ್ಭಾಗ ಬಿದ್ದುಹೋಗಿ ಸುತ್ತಿನ ಗೋಡೆ ಮಾತ್ರ ಉಳಿದಿತ್ತು. ಕೈಗೆ ಹಳೆಯ ಕಂಬಳಿಯ ಚೂರು ಸುತ್ತಿಕೊಂಡು ಮೂರೂ ಮರಿಗಳನ್ನು ಬುಟ್ಟಿಗೆ ಹಾಕಿ ಅಲ್ಲಿಗೆ ಒಯ್ದೆ, ಆ ಚೂರನ್ನು ಸುಟ್ಟೆ. ಮರಿ ಸತ್ತ ಒಂದು ಕುರಿಯನ್ನು ಒಳಗೆ ಬಿಟ್ಟೆ. ತಾಯಿ ಸತ್ತ ಕುರಿಮರಿಯನ್ನು ಬೇರೆ ಕುರಿಗೆ ಹೊಂದಿಸಬೇಕಾದರೆ ಸತ್ತ ಮರಿಯ ಚರ್ಮವನ್ನು ಅದಕ್ಕೆ ಹೊದಿಸುತ್ತೇವೆ. ಕುರಿ ಮೂಸಿ ನೋಡಿ ತನ್ನದೇ ಎಂದು ಹಾಲು ಬಿಡುತ್ತದೆ. ಈ ಮರಿಗಳನ್ನು ಮುಟ್ಟಿ ಹೊದಿಸುವಂತಿರಲಿಲ್ಲ, ಅದಕ್ಕೆ ಆ ಕುರಿಯ ಸತ್ತ ಮರಿಯ ಚರ್ಮವನ್ನು ಮೂರು ತುಂಡು ಮಾಡಿ ಮೂರರ ಕೆಳಗೂ ಹಾಸಿದೆ. ಕುರಿ ಮೊದಲು ಒದೆಯಿತು. ಆಮೇಲೆ ನಿಂತಿತು. ಬಾಗಿಲಿಗೆ ಕಲ್ಲು ಒಟ್ಟಿದೆ.

ಆ ಕುರಿಯ ಹಾಲು ಮೂರಕ್ಕೆ ಸಾಲುತ್ತಿರಲಿಲ್ಲ. ಗೋಡೆಯ ಸಂದಿನಲ್ಲಿ ಕೆಂಚಿಗೆ ಕಟ್ಟಿದ್ದ ಅದೇ ಬಿದಿರಿನ ಕೊಳವಿಯನ್ನು ತೂರಿಸಿ, ಹೊರಗಿನಿಂದ ಹಾಲು, ಆಮೇಲಾಮೇಲೆ ಅಂಬಲಿ ಸುರಿಯುತ್ತಿದ್ದೆ. ಒಳಗಿನ ಕಲ್ಲುಬಾನಿಗೆ ಅದು ಬೀಳುತ್ತಿತ್ತು. ಮರಿಗಳು ಲೊಚಲೊಚ ಕುಡಿಯುವ ಸದ್ದು ಕೇಳುತ್ತಿತ್ತು. ಕುರಿಗೆ ಮೇವನ್ನು ಗೋಡೆಯ ಮೇಲಿಂದ ಎಸೆಯುತ್ತಿದ್ದೆ. ನಾನು ಅವನ್ನು ಸಂದಿಯಿಂದ ನೋಡುತ್ತಿದ್ದೆ. ಅವು ನನ್ನನ್ನು ನೋಡಲಿಲ್ಲ. ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಹೊಟ್ಟೆ ತುಂಬುತ್ತಿದೆ, ಹುಚ್ಚಿನ ಲಕ್ಷಣವಿಲ್ಲ, ಅಣ್ಣನ ಮಾತು ಉಳಿಯಿತು ಎಂದುಕೊಂಡೆ.

ಆ ದಿನಗಳಲ್ಲಿ ಹಿಂಡಿಗೆ ನಾಯಿಯೇ ಇರಲಿಲ್ಲ. ನಾನೂ ಮಾವನೂ ಸರದಿಯ ಮೇಲೆ ಕಾವಲು ಕುಳಿತೆವು. ತೋಳಗಳು ಪಾಲಿಗಿಂತ ಹೆಚ್ಚು ಒಯ್ದವು.

ಯುಗಾದಿ ಕಳೆದು ಅಮಾವಾಸ್ಯೆ ದಾಟಿದ ಮೇಲೆ ಬಾಗಿಲಿನ ಕಲ್ಲು ತೆಗೆದೆ. ಮೂರೂ ಮರಿ ಮೊಣಕಾಲೆತ್ತರ ಬೆಳೆದಿದ್ದವು. ಎರಡು ಗಂಡು, ಒಂದು ತಾಯಿಯಂತೆಯೇ ಕೆಂಚು ಬಣ್ಣದ ಹೆಣ್ಣು. ಅಣ್ಣ ಕರೆಯುತ್ತಿದ್ದಂತೆ ಕರೆದು ರೊಟ್ಟಿ ಚಾಚಿದೆ. ಮೂರೂ ಹಲ್ಲು ಕಿರಿದು ಹಿಂದೆ ಸರಿದು, ಕುರಿಯ ಹೊಟ್ಟೆಯ ಕೆಳಗೆ ಸೇರಿ ನಡುಗಿದವು. ರೊಟ್ಟಿಯನ್ನು ಅಲ್ಲಿಯೇ ಇಟ್ಟು ಹೊರಗೆ ಬಂದೆ. ನಾನು ಮರೆಯಾದ ಮೇಲೆ ತಿಂದವು.

ಕುರಿಯನ್ನು ಮುಂದೆ ಹೊಡೆದುಕೊಂಡು ಹೋದರೆ ಅದರ ಹಿಂದೆ ಬಂದವು. ಹಿಂಡಿಗೆ ಬಂದದ್ದೇ ತಡ, ಕುರಿಗಳ ನಡುವೆ ಸೇರಿಕೊಂಡವು. ಕುರಿ ಮೇಯುವ ಕಡೆ ಹೋದವು, ಕುರಿ ಮಲಗಿದಲ್ಲಿ ಮಲಗಿದವು. ಬೇರೆ ಯಾವುದಾದರೂ ಪ್ರಾಣಿಯ ವಾಸನೆ ಬಂದರೆ ಸಾಕು, ಎದ್ದು ನಿಂತು ಬೊಗಳುತ್ತಿದ್ದವು. ತೋಳದ ಕಾಟ ಕಡಿಮೆಯಾಯಿತು. ಆದರೆ ನಾವು ದಡ್ಡಿಯ ಹತ್ತಿರ ಹೋದರೂ ಹಾಗೆಯೇ ಬೊಗಳುತ್ತಿದ್ದವು. ಹಾಲು ಕರೆಯಲು ಹೋದ ವೈನಿಯ ಸೀರೆ ಹರಿದವು. ಕುಂಟುವ ಕುರಿಯ ಗೊರಸು ನೋಡಲು ನನ್ನನ್ನು ಬಿಡಲಿಲ್ಲ.

ಮಾವ ದೂರ ಕುಳಿತು ನೋಡುತ್ತಿದ್ದ. "ಚಲೋ ಆತು. ಕುರಿ ಅವುಗಳದು, ನಾವು ತೋಳ."

ಬೇಸಿಗೆಯ ಕೊನೆಗೆ ನರಗುಂದದಲ್ಲಿ ಸರಕಾರದ ಮೇಲೆ ಗದ್ದಲ ಎದ್ದಿತು. ದಾರಿಯ ಮೇಲೆ ಜನ ಗಂಟುಮೂಟೆ ಹೊತ್ತು ಓಡುತ್ತಿದ್ದರು. ನಾವೂ ಗುಡ್ಡದ ಕಡೆ ಹಿಂಡು ತಿರುಗಿಸಿದೆವು. ಒಂದು ಸಂಜೆ ಇಬ್ಬರು ಸವಾರರು ಬಂದು ದಡ್ಡಿಯ ಮುಂದೆ ಕುದುರೆ ನಿಲ್ಲಿಸಿದರು. ಯಾವ ಕಡೆಯವರೆಂದು ಕೇಳುವ ಧೈರ್ಯ ನಮಗಿರಲಿಲ್ಲ. ಒಂದು ಟಗರು ಬೇಕೆಂದರು. ಹಿಡಿದು ಕೊಡಲು ಹೋದೆ. ಮೂರೂ ನಾಯಿ ಬಲೆಯ ಹತ್ತಿರ ಬಂದು ನನ್ನ ಮೇಲೆಯೇ ಏರಿದವು. ಮತ್ತೆ ಹೋದೆ, ಮತ್ತೆ ಹಾಗೆಯೇ.

ಹಿರಿಯ ಸವಾರ ನಕ್ಕುಬಿಟ್ಟ. "ಯಾರ ಕುರಿ ಇವು?"

"ನಮ್ಮುವು ಸಾಹೇಬ್ರ."

"ನಾಯಿ?"

"ಅವೂ ನಮ್ಮುವು."

"ಹಂಗಂತ ಅವಕ್ಕ ಯಾರೂ ಹೇಳಿಲ್ಲೇನು?" ಎಂದು ಕುದುರೆ ತಿರುಗಿಸಿದ. ಟಗರು ಉಳಿಯಿತು. ಮಾವ ಆ ಮಾತನ್ನು ಎಷ್ಟೋ ದಿನ ಹೇಳಿಕೊಂಡು ನಕ್ಕ. ಅಣ್ಣ ಹೋದ ಮೇಲೆ ಅವನು ನಕ್ಕಿದ್ದು ಅದೇ ಮೊದಲು. ನನಗೆ ನಗು ಬರಲಿಲ್ಲ. ಅಜ್ಜನ ಕಾಲದಿಂದ ಆರಿಸಿಕೊಂಡು ಬಂದದ್ದು ಮೂರು ಜೀವಗಳಲ್ಲಿ ಉಳಿದಿತ್ತು, ಆದರೂ ಉಳಿದಿರಲಿಲ್ಲ.

ಮಳೆ ಹಿಡಿದ ಮೇಲೆ ಗಂಡು ನಾಯಿಗಳಲ್ಲಿ ಒಂದು ಗುಡುಗಿಗೆ ಬೆದರಿ ಓಡಿಹೋಯಿತು. ಎಷ್ಟು ಕರೆದರೂ ಬರಲಿಲ್ಲ. ನನ್ನ ಕರೆ ಅದಕ್ಕೆ ಬರೀ ಸದ್ದು.

ಆಮೇಲೆ ನಾನು ಹೆಣ್ಣು ನಾಯಿಯನ್ನು ಬಲೆ ಬೀಸಿ ಹಿಡಿದೆ. ಕೊಳವಿಯ ಒಂದು ತುದಿ ಅದರ ಕೊರಳಿಗೆ, ಇನ್ನೊಂದು ನನ್ನ ನಡುವಿಗೆ ಕಟ್ಟಿಕೊಂಡೆ. ನಾನು ನಡೆದಲ್ಲಿ ಅದು ನಡೆಯಬೇಕು, ನಾನು ಕುಳಿತರೆ ಕುಳಿತುಕೊಳ್ಳಬೇಕು. ಮೊದಮೊದಲು ಎಳೆದಾಡಿ ನನ್ನನ್ನು ಕೆಸರಿಗೆ ಕೆಡವಿತು. ನೀರು ಸಹ ಮುಟ್ಟಲಿಲ್ಲ. ಆಮೇಲೆ ನಾನು ಬೆನ್ನು ತಿರುಗಿಸಿದರೆ ತಿನ್ನತೊಡಗಿತು. ದಸರೆಯ ಹೊತ್ತಿಗೆ ನನ್ನ ಪಕ್ಕದಲ್ಲಿ ಮಲಗುತ್ತಿತ್ತು, ಮುಖ ಆ ಕಡೆ ಮಾಡಿ. ಬಲೆಯಲ್ಲಿ ಮಾಂಸ ಕಟ್ಟಿ ಇಟ್ಟು ನೋಡಿದೆ. ವಸಡಿನಲ್ಲಿ ರಕ್ತ ಬರುವವರೆಗೆ ಜಗ್ಗಿತು, ಬಿಟ್ಟು ಹೋಗಿ ಮಲಗಿತು.

ವೈನಿ ಆವತ್ತು ಒಲೆಯ ಹತ್ತಿರ ಕುಳಿತಿದ್ದಳು. ಅಷ್ಟು ದಿನ ಅವಳು ಆ ನಾಯಿಯ ವಿಷಯ ಮಾತಾಡಿರಲಿಲ್ಲ.

"ಅದು ಒಳ್ಳೆ ತಳೀದು ಹೌದಿಲ್ಲ?" ಎಂದಳು.

"ಕೆಂಚೀದ ಹೊಟ್ಟ್ಯಾಗಿಂದು ವೈನಿ. ಅದಕ್ಕಿಂತ ಒಳ್ಳೇದು ಎಲ್ಲೂ ಇಲ್ಲ ಅಂತಿದ್ದ ಅಣ್ಣ."

"ಮತ್ತ್ಯಾಕ ಹಿಂಗ?"

ಅವಳು ಬೆಂಕಿ ಸರಿಮಾಡಿದಳು. "ನಿಮ್ಮಣ್ಣ ಮರಿ ಹೊಟ್ಟಿಗೆ ಕಟಗೊಂಡು ತಿರಗತಿದ್ದಾ. ನಾವು ನಗತಿದ್ವಿ. ನಿನಗೊಂದು ಹೇಳ್ತೇನಿ. ಒಂದು ಸಲ ಜ್ವರ ಬಂದು ಮಲಗಿದಾಗೂ ಮರಿ ಬಿಡಲಿಲ್ಲ. ಹಾಸಿಗ್ಯಾಗ ಹಾಕ್ಕೊಂಡ. 'ಈ ದಿನಾ ತಪ್ಪಿದ್ರ ಮತ್ತ ಸಿಗಂಗಿಲ್ಲ' ಅಂದ. ಜ್ವರದಾಗ ಬಡಬಡಿಸ್ತಾನ ಅನಕೊಂಡ್ನಿ ನಾ."

ಅದನ್ನು ಕೇಳಿದ ಮೇಲೆ ನನಗೆ ತಿಳಿದದ್ದು ಇಷ್ಟು. ಹಿರಿಯರು ತೋಳದಿಂದ ಆರಿಸಿದ್ದು ಒಂದು ಸಲಕ್ಕೆ ಮುಗಿದ ಕೆಲಸವಲ್ಲ. ಆರಿಸಿ ಆರಿಸಿ ಬಂದ ತಳಿಯಲ್ಲಿ ಮುಖ ನೋಡುವ ಗುಣ ಇರುತ್ತದೆ. ಆದರೆ ಕಣ್ಣು ತೆರೆದ ಮೊದಲ ದಿನಗಳಲ್ಲಿ ನೋಡಲು ಒಂದು ಮುಖ ಇರಬೇಕು. ಆ ದಿನಗಳಲ್ಲಿ ಅದಕ್ಕೆ ಕುರಿಯ ಮುಖ ಕಂಡರೆ ಕುರಿಯ ಕಡೆ ಹೋಗುತ್ತದೆ. ನಾನು ಅವುಗಳಿಗೆ ತೋರಿಸಿದ್ದು ಬಿದಿರಿನ ಕೊಳವಿಯ ಬಾಯಿ.

ಈ ವರ್ಷ ಗುಡ್ಡದ ಮೇಲೆಯೇ ಆ ಹೆಣ್ಣು ನಾಯಿ ಮರಿ ಹಾಕಿತು, ನಾಲ್ಕು. ಗಂಡು ನಾಯಿಯನ್ನು ಇಟಗಿಯ ಕಡೆಯ ನಮ್ಮ ನೆಂಟರ ದಡ್ಡಿಯಿಂದ ತಂದಿದ್ದೆವು. ಕಣ್ಣು ತೆರೆಯುವುದನ್ನು ಕಾದೆ. ಮರಿಗಳನ್ನು ತೆಗೆಯಲು ಕೈ ಹಾಕಿದಾಗ ತಾಯಿ ನನ್ನ ತೋಳಿಗೆ ಕಚ್ಚಿತು. ವೈನಿ ಕುಡುಗೋಲು ಹಿಡಿದುಕೊಂಡೇ ಓಡಿ ಬಂದಳು. ಗಾಯ ತೊಳೆದಳು, ಬರೆ ಹಾಕಲೇ ಎಂದು ಕೇಳಲಿಲ್ಲ, ಹಾಕಿದಳು. ಆಮೇಲೆ ತಾನೇ ಕಂಬಳಿ ತಂದು ಮಡಿಚಿ ನನ್ನ ಹೊಟ್ಟೆಗೆ ಬಿಗಿದು, ಕೊಳವಿಯಿಂದ ತಾಯಿಯನ್ನು ಒತ್ತಿ ಹಿಡಿದಳು. ನಾನು ಒಂದೊಂದೇ ಮರಿಯನ್ನು ಎತ್ತಿ ಮಡಿಕೆಗೆ ಹಾಕಿಕೊಂಡೆ.

ಮಾವ ದೂರದಿಂದ ಕಂಡು ನಿಂತ. ಕೊಡತಿ ಎತ್ತಿಕೊಂಡು ಗೂಟದ ಕಡೆ ಹೋದ.

ಈಗ ದಿನವೂ ಹೀಗೆಯೇ ಕುರಿ ಕಾಯುತ್ತೇನೆ. ಮರಿಗಳು ತಲೆ ಹೊರಗೆ ಹಾಕುತ್ತವೆ. ನನಗೆ ಗಡ್ಡ ಕಡಿಮೆ, ಕಂಬಳಿಯ ಅಂಚನ್ನು ಜಗ್ಗುತ್ತವೆ. ಬಲೆಯಲ್ಲಿ ರೊಟ್ಟಿ ಕಟ್ಟಿ ಕೊಟ್ಟರೆ ಎರಡು ಸಲ ಜಗ್ಗಿ ಮೇಲೆ ನೋಡುತ್ತವೆ. ನಾಲ್ಕರಲ್ಲಿ ಮೂರು ನೋಡುತ್ತವೆ. ಒಂದು ಇನ್ನೂ ಚಿಕ್ಕದು. ಯಾವುದನ್ನು ಇಟ್ಟುಕೊಳ್ಳಬೇಕೆಂದು ಅಣ್ಣನನ್ನು ಕೇಳಬೇಕು ಎಂದು ಎಷ್ಟೋ ಸಲ ತಿರುಗಿ ನೋಡಿದ್ದೇನೆ.

ತಿರುಗಿ ನೋಡಿದಾಗ ಕಾಣುವುದು ಅವುಗಳ ತಾಯಿ. ಈಗ ಅದಕ್ಕೆ ಹಗ್ಗವಿಲ್ಲ, ಕೊಳವಿಯಿಲ್ಲ. ಮರಿಗಳಿಗಾಗಿ ನನ್ನ ಹಿಂದೆಯೇ ಬರುತ್ತದೆ. ಕಂಬಳಿಯ ಮಡಿಕೆಯನ್ನು ನೋಡುತ್ತದೆ, ನನ್ನ ಕೈಗಳನ್ನು ನೋಡುತ್ತದೆ. ನನ್ನ ಮುಖವನ್ನು ಅದು ಇನ್ನೂ ನೋಡಿಲ್ಲ.